ಅನಾನಸು ಹದವಾಗುವ ಮೂರು ವಾರ

ಸಿಗರೇಟು ಬಿಟ್ಟ ಮೇಲೆ ನನ್ನ ಬಲಗೈಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಹದಿನೆಂಟು ವರ್ಷ ಅದಕ್ಕೊಂದು ಕೆಲಸವಿತ್ತು. ಈಗ ಅದು ಕೀಲಿಗೊಂಚಲು ತಿರುಗಿಸುತ್ತಿತ್ತು, ಅಂಗಿಯ ಗುಂಡಿ ಹಿಂಡುತ್ತಿತ್ತು, ಕಾರಿನ ಕಿಟಕಿಯನ್ನು ಕಾರಣವಿಲ್ಲದೆ ಇಳಿಸಿ ಏರಿಸುತ್ತಿತ್ತು. ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮ ಮನೆ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನನ್ನ ಆಫೀಸು. ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ದಾರಿ ಒಂದೂವರೆ ಗಂಟೆಯದು. ಸಿಗರೇಟಿಲ್ಲದ ಒಂದೂವರೆ ಗಂಟೆ ಎಷ್ಟು ಉದ್ದವಿರುತ್ತದೆ ಎಂಬುದು ಬಿಟ್ಟವರಿಗೆ ಮಾತ್ರ ಗೊತ್ತು.

ಬಿಟ್ಟೆ ಎಂದರೆ ಪೂರ್ತಿ ಬಿಟ್ಟಿರಲಿಲ್ಲ. ಚಳಿಗಾಲ ಪೂರ್ತಿ ಕೆಮ್ಮಿದ ಮೇಲೆ ಹೆಂಡತಿ ಒಂದು ಬೆಳಿಗ್ಗೆ ಲೈಟರನ್ನು ಕಸದ ಬುಟ್ಟಿಗೆ ಹಾಕಿದಳು. ಜಗಳವಾಗಿ, ಕೊನೆಗೆ ಇಬ್ಬರೂ ಒಂದು ರಾಜಿಗೆ ಬಂದೆವು. ಸಿಗರೇಟಿನ ಬದಲು ವೇಪ್, ಅಂದರೆ ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಎಳೆಯುವ ಬ್ಯಾಟರಿ ಕೊಳವೆ. ಅದೂ ಮನೆಯ ಹೊರಗೆ. ವರ್ಷದೊಳಗೆ ಅದನ್ನೂ ಬಿಡಬೇಕು.

ಕಾರಿನ ಯಜಮಾನ ಮಂಗಳೂರು ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರೂ ವೇಪಿಗೆ ಬಂದವರೇ. ನಾನು ಅಂಗಡಿಯಿಂದ ತಂದ ಅನಾನಸು ಕಸ್ಟರ್ಡ್ ರುಚಿಯ ಜ್ಯೂಸನ್ನು, ಎಂದರೆ ವೇಪಿನ ದ್ರವವನ್ನು, ಆ ದಿನವೇ ತುಂಬಿಸಿ ಎಳೆದು, ಔಷಧಿ ಕುಡಿದ ಹಾಗಿದೆ ಎಂದು ಗೊಣಗಿದಾಗ ಅವರು ನಕ್ಕರು.

"ತಂದ ಕೂಡ್ಲೇ ಎಳೆದ್ರೆ ಹಾಗೇ ಮಾರಾಯ್ರೆ. ಅದು ಸ್ವಲ್ಪ ಕೂತ್ಕೊಳ್ಬೇಕು. ಹಣ್ಣಿನದ್ದಾದ್ರೆ ನಾಲ್ಕೈದು ದಿನ ಸಾಕು. ಕಸ್ಟರ್ಡ್, ಕ್ರೀಮಿನದ್ದಕ್ಕೆ ಮೂರು ವಾರ ಬೇಕು."

"ಮೂರು ವಾರ ಸುಮ್ನೆ ಇಡೋದಾ?"

"ಸುಮ್ನೆ ಅಲ್ಲ. ಕತ್ತಲೆಯಲ್ಲಿ, ತಂಪಿನಲ್ಲಿ ಇಡ್ಬೇಕು. ದಿನಕ್ಕೊಂದ್ಸಲ ಕುಲುಕ್ಬೇಕು. ಮೊದ್ಲ ದಿನ ಮಾತ್ರ ಒಂದೆರಡು ಗಂಟೆ ಮುಚ್ಚಳ ತೆಗೆದಿಡಿ, ಆ ಸ್ಪಿರಿಟಿನ ವಾಸನೆ ಹೋಗ್ತದೆ. ಮತ್ತೆ ಮುಚ್ಚಿ ಮರ್ತುಬಿಡಿ."

ಮರೆತುಬಿಡುವುದು ನನ್ನಿಂದಾಗದ ಕೆಲಸ. ಬಾಟಲಿಯನ್ನು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟೆ. ಬೆಳಿಗ್ಗೆ ಕುಲುಕಿದೆ, ಸಂಜೆ ಕುಲುಕಿದೆ, ಹಲ್ಲುಜ್ಜುತ್ತಾ ಬಂದು ಬೆಳಕಿಗೆ ಹಿಡಿದು ನೋಡಿದೆ. ಮೂರನೆಯ ದಿನಕ್ಕೇ ರುಚಿ ನೋಡಿದೆ. ನಾಲ್ಕನೆಯ ದಿನ ನನಗೊಂದು ಉಪಾಯ ಹೊಳೆಯಿತು. ಬಿಸಿಯಲ್ಲಿ ಎಲ್ಲವೂ ಬೇಗ ಬೆರೆಯುತ್ತದಲ್ಲ? ಆಗಸ್ಟ್ ತಿಂಗಳು. ಕಾರಿನ ಹಿಂದಿನ ಗಾಜಿನ ಬಳಿ ಬಾಟಲಿಯನ್ನು ಯಜಮಾನರಿಗೆ ಹೇಳದೆ ಇಟ್ಟು ಆಫೀಸಿಗೆ ಹೋದೆ. ಸಂಜೆ ಬಂದು ನೋಡಿದರೆ ತಿಳಿಹಳದಿ ಇದ್ದದ್ದು ಕಷಾಯದ ಬಣ್ಣಕ್ಕೆ ತಿರುಗಿತ್ತು. ಒಂದು ದಮ್ಮು ಎಳೆದೆ. ಗಂಟಲಿಗೆ ಮೆಣಸಿನ ಪುಡಿ ಎರಚಿದಂತಾಗಿ ಕಣ್ಣಲ್ಲಿ ನೀರು ಬಂತು.

ಯಜಮಾನರು ಬಾಟಲಿಯನ್ನು ತಿರುಗಿಸಿ ನೋಡಿದರು. "ಇದನ್ನು ನೀವು ಹುರಿದೇಬಿಟ್ಟಿದ್ದೀರಲ್ಲ. ಖಲಾಸ್, ಬಿಸಾಡಿ. ಬೆಳಕು, ಬಿಸಿ, ಗಾಳಿ, ಮೂರೂ ಆಗ್ಲಿಕ್ಕಿಲ್ಲ ಇದಕ್ಕೆ. ಕಂದು ಬಣ್ಣದ ಗಾಜಿನ ಬಾಟ್ಲಿ ಇದ್ರೆ ಅದಕ್ಕೆ ಹಾಕಿ, ಕುತ್ತಿಗೆ ತನಕ ತುಂಬಿಸಿ ಇಡಿ."

ಕಂದು ಗಾಜಿನ ಬಾಟಲಿ ನಮ್ಮ ಅಡಿಗೆಮನೆಯಲ್ಲೇ ಇತ್ತು. ಹೆಂಡತಿ ಶೀರಾಕ್ಕೆ ಹಾಕುವ ಅನಾನಸು ಎಸೆನ್ಸ್ ಮುಗಿದು ಖಾಲಿಯಾದದ್ದು. ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಹೊಸ ಜ್ಯೂಸನ್ನು ಅದಕ್ಕೆ ಸುರಿದೆ. ಅಂಗಡಿಯ ಬಾಟಲಿಯ ಮೇಲೆ ನಿಕೋಟಿನ್ ಎಚ್ಚರಿಕೆ ಇತ್ತು, ಮಕ್ಕಳು ತೆರೆಯಲಾಗದ ಮುಚ್ಚಳವಿತ್ತು. ಎರಡನ್ನೂ ಕಸಕ್ಕೆ ಹಾಕಿ, ಕಂದು ಬಾಟಲಿಗೆ ಒಂದು ಚೀಟಿ ಅಂಟಿಸಿ 'ಅನಾನಸು' ಎಂದು ಬರೆದು, ಕೆಳಗೆ ತಾರೀಕು ಹಾಕಿದೆ. ಬೀರುವಿನಲ್ಲಿಟ್ಟರೆ ಕೈ ತಡೆಯುವುದಿಲ್ಲವೆಂದು ಅಡಿಗೆಮನೆಯ ಮೇಲಿನ ಕಪಾಟಿನಲ್ಲಿ, ಅಕ್ಕಿಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಈಗ ಬರೆಯುವಾಗ ಇದರಲ್ಲಿ ಒಂದೊಂದೂ ಎಷ್ಟು ದಡ್ಡ ಕೆಲಸ ಎಂದು ಕಾಣುತ್ತದೆ. ಆಗ ನನಗೆ ಕಾಣುತ್ತಿದ್ದದ್ದು ಇಪ್ಪತ್ತೊಂದನೆಯ ದಿನ ಮಾತ್ರ.

ಅದೇ ವಾರ ಅತ್ತೆ ಬಂದರು. ಉಡುಪಿಯ ಹತ್ತಿರದ ಊರಲ್ಲಿ ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಎರಡು ತಿಂಗಳ ವಿಸಿಟ್ ವೀಸಾ. ವಿಮಾನ ನಿಲ್ದಾಣಕ್ಕೆ ಹೋಗುವಾಗಲೇ ಹೆಂಡತಿ ಹೇಳಿದ್ದಳು, "ಅಮ್ಮನಿಗೆ ನಿಮ್ಮ ಈ ವೇಪು ಗೀಪು ಗೊತ್ತಾಗ್ಬಾರ್ದು. ಅವ್ರಿಗೆ ನಾನೇ ಉಪದೇಶ ಮಾಡಿ ಹೊಗೆಸೊಪ್ಪು ಬಿಡಿಸಿದ್ದು. ಈಗ ನನ್ನ ಮನೇಲೇ ಇದು ಅಂದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

ಅತ್ತೆ ಮೂವತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರಂತೆ. ದಂತವೈದ್ಯರು ಬಾಯೊಳಗೆ ಬಿಳಿಯ ಮಚ್ಚೆ ಕಂಡು ಹೆದರಿಸಿದ ಮೇಲೆ ಬಿಟ್ಟಿದ್ದರು. ಬಿಟ್ಟು ಎರಡು ವರ್ಷವಾಯಿತೆಂದು ಹೆಂಡತಿಗೆ ಹೆಮ್ಮೆ.

ಹೀಗೆ ನಾನು ನನ್ನ ಮನೆಯಲ್ಲೇ ಕಳ್ಳನಾದೆ. ಸಂಜೆ ಬಂದ ಕೂಡಲೇ "ಸ್ವಲ್ಪ ವಾಕಿಂಗ್ ಹೋಗಿ ಬರ್ತೀನಿ" ಎಂದು ಕೆಳಗಿಳಿದು, ಕಟ್ಟಡದ ಹಿಂದೆ ಎಸಿಗಳು ಬಿಸಿ ಉಗುಳುವ ಕಡೆ ನಿಂತು, ಅಲ್ಲಿಯವರೆಗೆಂದು ತಂದ ಬೇರೆ ಜ್ಯೂಸಿನ ನಾಲ್ಕು ದಮ್ಮು ಎಳೆದು, ಏಲಕ್ಕಿ ಅಗಿದು ಮೇಲೆ ಬರುತ್ತಿದ್ದೆ.

ಮೊದಲ ಐದಾರು ದಿನ ಅತ್ತೆ ಚೆನ್ನಾಗಿದ್ದರು. ಆಮೇಲೆ ಅವರ ಕಾಲು ನಿಲ್ಲದಾಯಿತು. ಬಾಲ್ಕನಿಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬಾಲ್ಕನಿಗೆ ನಡೆಯುತ್ತಿದ್ದರು. ಒರೆಸಿದ ಡಬ್ಬಗಳನ್ನೇ ಮತ್ತೆ ಒರೆಸುತ್ತಿದ್ದರು. ಮೊಮ್ಮಗಳ ಮೇಲೆ ರೇಗಿ, ಮರುಕ್ಷಣವೇ ಮುದ್ದು ಮಾಡುತ್ತಿದ್ದರು. ಊರು ಬಿಟ್ಟು ಬಂದ ಬೇಸರ ಎಂದುಕೊಂಡೆವು. ಒಂದು ಸಂಜೆ ನಾನು ಹೊರಡುವಾಗ ಅವರೂ ಚಪ್ಪಲಿ ಮೆಟ್ಟಿಕೊಂಡರು.

"ನಾನೂ ಬರ್ತೇನೆ. ನೀವು ಎಲ್ಲಿಯವರೆಗೆ ಹೋಗುದು?"

ಕೆಳಗೆ ಬಂದಾಗ ಅವರು ನೇರ ಮೂಲೆಯ ಗ್ರೋಸರಿಗೆ ನಡೆದರು. ನನ್ನನ್ನು ಹೊರಗೇ ನಿಲ್ಲಿಸಿ ಒಳಗೆ ಹೋಗಿ ಏನೋ ಕೇಳಿದರು. ಏನೆಂದು ಕೇಳಿಸಲಿಲ್ಲ. ಅಂಗಡಿಯವನು "ಮಾಫಿ, ಇಲ್ಲ ಅಮ್ಮಾ" ಎಂದು ಜೋರಾಗಿ ಹೇಳಿ ಕೈಯಾಡಿಸಿದ್ದು ಗಾಜಿನಾಚೆ ಕಂಡಿತು. ಅವರು ಬರಿಗೈಯಲ್ಲಿ ಹೊರಬಂದರು. ನನ್ನ ಜೇಬಿನಲ್ಲಿ ವೇಪ್ ಬೆಚ್ಚಗೆ ಕುಳಿತಿತ್ತು. ಇಬ್ಬರೂ ಕಟ್ಟಡವನ್ನು ಎರಡು ಸುತ್ತು ಹಾಕಿ, ಮನಸ್ಸಿನಲ್ಲೇ ಒಬ್ಬರಿಗೊಬ್ಬರು ಶಾಪ ಹಾಕುತ್ತಾ ಮನೆಗೆ ಬಂದೆವು.

ಕಂದು ಬಾಟಲಿ ಇಟ್ಟ ಹದಿನೇಳನೆಯ ದಿನ ನಾನು ಆಫೀಸಿನಿಂದ ಬಂದಾಗ ಹೆಂಡತಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಆರು ವರ್ಷದ ಮಗಳು ಸೋಫಾದ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಳು.

"ಏನಾಯ್ತು ಪುಟ್ಟಿ?"

"ಅಜ್ಜಿ ಪೈನಾಪಲ್ ಶೀರಾ ಮಾಡಿದ್ರು. ಬಟ್ ಶಿ ಥ್ರೂ ಇಟ್ ಅವೇ. ಎವೆರಿಥಿಂಗ್."

ನಾನು ಬ್ಯಾಗು ಕೆಳಗಿಟ್ಟು ಅವಳ ಮುಂದೆ ಕುಕ್ಕರಿಸಿದೆ. "ನೀನು ತಿಂದ್ಯಾ? ಸ್ವಲ್ಪಾನಾದ್ರೂ ತಿಂದ್ಯಾ?"

"ನೋ. ಐ ವಾಸ್ ವೇಟಿಂಗ್ ವಿತ್ ದ ಪ್ಲೇಟ್. ಅಜ್ಜಿ ಹೇಳಿದ್ರು ಅಡಿ ಹಿಡೀತು ಅಂತ."

ಅತ್ತೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಪಕ್ಕದ ಕಟ್ಟೆಯ ಮೇಲೆ ಕಂದು ಬಾಟಲಿ ಇತ್ತು. ನನ್ನನ್ನು ಕಂಡು, ಬಾಗಿಲು ಹಾಕಿಕೊಳ್ಳುವಂತೆ ಸನ್ನೆ ಮಾಡಿದರು.

"ಇದ್ರಲ್ಲಿ ಎಂತ ಉಂಟು, ಹೇಳಿ."

ನಾನು ಉತ್ತರ ಕೊಡುವ ಮೊದಲೇ ಅವರೇ ಮುಂದುವರಿಸಿದರು. "ಎಸೆನ್ಸ್ ಅಂತ ನಾನು ಒಂದು ಮುಚ್ಚಳ ಹಾಕಿದೆ. ಮುಚ್ಚಳಕ್ಕೆ ಅಂಟಿದ್ದನ್ನು ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟೆ. ವಾಸನೆ ಅನಾನಸಿನದ್ದೇ. ಆದ್ರೆ ನಾಲಗೆ ತುದಿ ಚುರುಚುರು ಅಂತು. ಮೂವತ್ತು ವರ್ಷ ಬಾಯಲ್ಲಿಟ್ಟುಕೊಂಡದ್ದು ನನಗೆ ಗೊತ್ತಾಗ್ಲಿಕ್ಕಿಲ್ಲವಾ? ಇದು ಹೊಗೆಸೊಪ್ಪಿನ ಚುರುಕು."

"ಹೌದು ಅತ್ತೆ. ನಿಕೋಟಿನ್ ಇದೆ." "ನಿಮಗೇನೂ ಆಗ್ತಿಲ್ಲ ತಾನೇ? ತಲೆ ಸುತ್ತೋದು, ವಾಕರಿಕೆ? ಕ್ಲಿನಿಕ್‌ಗೆ ಹೋಗೋಣ."

"ನನಗೆ ಎಂತ ಆಗುದು, ಒಂದು ಹನಿಗೆ? ಆ ಮಗು ತಟ್ಟೆ ಹಿಡ್ಕೊಂಡು ನಿಂತಿತ್ತು. ಆರು ವರ್ಷದ ಮಗು. ನಾನು ಅಂಗನವಾಡಿಯಲ್ಲಿ ಫಿನಾಯಿಲು ಕೂಡ ಬೀಗ ಹಾಕಿ ಇಡ್ತಿದ್ದೆ. ನೀವು ಓದಿದವ್ರು, ಇದನ್ನು ಹಿಟ್ಟಿನ ಡಬ್ಬದ ಹಿಂದೆ, ಹಣ್ಣಿನ ಹೆಸರು ಬರೆದು ಇಟ್ಟಿದ್ದೀರಿ."

ಅವರು ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆ. ಕೆಳಗೆ ಬಸ್ಸಿನಿಂದ ಜನ ಇಳಿದು ತಮ್ಮ ತಮ್ಮ ಕಟ್ಟಡಗಳ ಕಡೆ ಹೋಗುತ್ತಿದ್ದರು. ಸಿಗರೇಟಿನಿಂದ ಕೆಮ್ಮು, ಕೆಮ್ಮಿನಿಂದ ವೇಪ್, ರುಚಿಗಾಗಿ ಮೂರು ವಾರ ಎಂದು ಎಲ್ಲವನ್ನೂ ಅವರಿಗೆ ಹೇಳಿದೆ.

ಕೇಳಿ ಮುಗಿಸಿ ಅವರು ನನ್ನನ್ನು ನೋಡದೆ ಹೇಳಿದರು, "ನಾನೂ ಬಿಟ್ಟಿಲ್ಲ."

"ಏನು?"

"ಹೊಗೆಸೊಪ್ಪು. ಮಗಳಿಗೆ ಬಿಟ್ಟಿದ್ದೇನೆ ಅಂತ ಹೇಳಿದ್ದು. ದಿನಕ್ಕೆ ಎರಡು ಸಲ ಇದ್ದೇ ಇತ್ತು. ಬರುವಾಗ ಒಂದು ಚಿಕ್ಕ ಕಟ್ಟು ಪೆಟ್ಟಿಗೆಯಲ್ಲಿ ಹಾಕ್ಕೊಂಡಿದ್ದೆ. ಅದು ಮುಗಿದು ಎಂಟು ದಿನ ಆಯ್ತು. ಅಂಗಡಿಯವನು ಎಲೆ ಉಂಟು, ಅದು ಇಲ್ಲ ಅಂದ. ನನಗೆ ಕೂತಲ್ಲಿ ಕೂರ್ಲಿಕ್ಕೆ ಆಗುದಿಲ್ಲ, ನಿಂತಲ್ಲಿ ನಿಲ್ಲಿಕ್ಕೆ ಆಗುದಿಲ್ಲ. ಇವತ್ತು ಆ ಹನಿ ನಾಲಗೆಗೆ ತಾಗಿದಾಗ..." ಅವರು ಬಾಟಲಿಯ ಕಡೆ ನೋಡಿ ಮುಖ ತಿರುಗಿಸಿದರು. "ಇನ್ನೊಂದು ಹನಿ ಬೇಕು ಅಂತ ಆಯ್ತು. ಅದಕ್ಕೇ ಹೊರಗೆ ತಂದಿಟ್ಟೆ, ನೀವು ಬರುವವರೆಗೆ."

ನಾನು ಎದ್ದು ಬಾಟಲಿಯನ್ನು ತೆಗೆದುಕೊಂಡೆ. ಸಿಂಕಿಗೆ ಸುರಿಯುವುದು ಸರಿಯಲ್ಲವೆಂದು ಗೊತ್ತಿತ್ತು. ಮುಚ್ಚಳ ಬಿಗಿದು, ಎರಡು ಚೀಲಗಳಲ್ಲಿ ಸುತ್ತಿ, ಆಮೇಲೆ ಅಂಗಡಿಗೇ ಹಿಂದಿರುಗಿಸಿ ವಿಲೇವಾರಿ ಮಾಡಲು ಕೇಳೋಣವೆಂದು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ಪು ಎಳೆದೆ. ಶೀರಾ ಇದ್ದ ಬಾಣಲೆ, ಸೌಟು, ಮಗಳ ತಟ್ಟೆ, ಎಲ್ಲವನ್ನೂ ಇಬ್ಬರೂ ಸೇರಿ ತಿಕ್ಕಿ ತಿಕ್ಕಿ ತೊಳೆದೆವು.

"ನನ್ನ ಮಗಳಿಗೆ ಹೇಳುದಾ?" ಎಂದು ಅತ್ತೆ ಕೇಳಿದರು.

"ನಂದು ನಾನು ಹೇಳ್ತೀನಿ. ನಿಮ್ಮದು ನೀವು ಹೇಳ್ಬೇಕು, ಅತ್ತೆ. ಬಾಯಲ್ಲಿ ಆ ಮಚ್ಚೆ ಇದೆಯಲ್ಲ."

ಹೆಂಡತಿ ಬಂದು ಕೈಕಾಲು ತೊಳೆದು ಕುಳಿತಾಗ ನಾನೇ ಮೊದಲು ಶುರುಮಾಡಿದೆ. ಅವಳು ಕೇಳುತ್ತಾ ಕೇಳುತ್ತಾ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ಅತ್ತೆ ತಮ್ಮದನ್ನು ಹೇಳಿದರು. ಹೆಂಡತಿ ನಮ್ಮಿಬ್ಬರ ಮುಖವನ್ನೂ ನೋಡಿ, "ನಿಮ್ಮಿಬ್ಬರಿಗೂ ನಾನೊಬ್ಬಳು ದಡ್ಡಿ ಸಿಕ್ಕಿದೆ" ಎಂದಳು. ಎರಡು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ಅತ್ತೆಯನ್ನು ದಂತವೈದ್ಯರ ಬಳಿ ಕರೆದೊಯ್ದಳು. ಮಚ್ಚೆ ಮೊದಲಿಗಿಂತ ಅಗಲವಾಗಿದೆ, ಊರಿಗೆ ಹೋದ ಕೂಡಲೇ ಚೂರು ತೆಗೆದು ಪರೀಕ್ಷೆ ಮಾಡಿಸಿ ಎಂದು ವೈದ್ಯರು ಬರೆದುಕೊಟ್ಟರು.

ಉಳಿದ ದಿನಗಳು ಮನೆಯಲ್ಲಿ ಎಲ್ಲರಿಗೂ ಕಷ್ಟದವು. ಅತ್ತೆ ಸಿಡುಕುತ್ತಿದ್ದರು, ನಾನು ಸಿಡುಕುತ್ತಿದ್ದೆ. ಸಂಜೆ ಇಬ್ಬರೂ ಒಟ್ಟಿಗೆ ಕೆಳಗಿಳಿದು ಬಡಾವಣೆಯ ಅಂಚಿನ ಕೆರೆಯವರೆಗೆ ಬಿರಬಿರನೆ ನಡೆದು ಬರುತ್ತಿದ್ದೆವು. ಅವರು ಲವಂಗ ಕಚ್ಚುತ್ತಿದ್ದರು. ನಾನು ಎಳೆಯಬೇಕಾದಾಗ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ, ಅವರು ತಿರುಗದೆ ಕಾಯುತ್ತಿದ್ದರು. ಹೊಸ ಜ್ಯೂಸು ತಂದಾಗ ಅದನ್ನು ಅಂಗಡಿಯ ಬಾಟಲಿಯಲ್ಲೇ, ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲಿನ ಅಟ್ಟಕ್ಕೆ ಸೇರಿಸಿದೆ. ಅತ್ತೆ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ವಿಷ' ಎಂದು ಬರೆದು, ಬೀಗದ ಕೈಯನ್ನು ನನ್ನ ಹೆಂಡತಿಯ ಹತ್ತಿರ ಕೊಟ್ಟರು. ಹೆಂಡತಿಯನ್ನು ಕೇಳಿಯೇ ತೆಗೆಯಬೇಕಾದ್ದರಿಂದ ನಾನು ದಿನಾ ಕುಲುಕುವುದು ನಿಂತಿತು. ಮೂರು ವಾರ ತುಂಬಿದ ಮೇಲೆ ಎಳೆದು ನೋಡಿದೆ. ಕಾರಿನ ಯಜಮಾನರು ಹೇಳಿದ್ದು ನಿಜ. ಹಾಲಿನ ನಯ, ಅನಾನಸಿನ ಹುಳಿ, ಎರಡೂ ಒಂದರೊಳಗೊಂದು ಬೆರೆತಿದ್ದವು. ಚೆನ್ನಾಗಿದೆ ಎನ್ನಿಸಿತು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಿಸದಿದ್ದುದು ನನಗೇ ಸ್ವಲ್ಪ ಆಶ್ಚರ್ಯವಾಯಿತು.

ಅತ್ತೆ ಊರಿಗೆ ಮರಳಿ ಮಾಡಿಸಿದ ಪರೀಕ್ಷೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಫಲಿತಾಂಶ ಬರುವವರೆಗಿನ ಒಂಬತ್ತು ದಿನ ಮನೆಯಲ್ಲಿ ಯಾರ ಫೋನು ಸದ್ದು ಮಾಡಿದರೂ ನಾನೂ ಹೆಂಡತಿಯೂ ಬೆಚ್ಚುತ್ತಿದ್ದೆವು.

ಈಗ ಅತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಮೊದಲು ಮೊಮ್ಮಗಳು, ಆಮೇಲೆ ಮಗಳು, ಕೊನೆಗೆ ನಾನು. ನನ್ನ ಸರದಿ ಬಂದಾಗ ಕುಶಲ ಕೇಳುವುದಿಲ್ಲ.

"ನಿಮ್ಮದು ಎಷ್ಟಕ್ಕೆ ಇಳೀತು?"

"ನಿಕೋಟಿನ್ ಆರು ಮಿಲಿಗ್ರಾಮಿನಿಂದ ಮೂರಕ್ಕೆ ಬಂದಿದೆ ಅತ್ತೆ. ನಿಮ್ಮದು?"

"ಮೂವತ್ತೆಂಟು ದಿನ ಆಯ್ತು, ಹೊಗೆಸೊಪ್ಪು ಮುಟ್ಟದೆ."

ಮುಂದಿನ ವಾರ ಕೇಳಿದಾಗ ಅವರು ತುಸು ತಡೆದು, "ನಾಲ್ಕು ದಿನ" ಎಂದರು. ಅದರ ಮುಂದಿನ ವಾರ ಹನ್ನೊಂದಾಗಿತ್ತು.