ಮಲಕಪ್ಪನ ‘ಹತ್ತ್ಯಾವ್ರಿ’

ಅಫಜಲಪುರದ ಕಡೆಯಿಂದ ಕಟ್ಟಡದ ಕೂಲಿಗೆಂದು ಪುಣೆಗೆ ಬಂದ ಮಲಕಪ್ಪ, ಗೋಡೆಯೊಳಗೆ ವೈರ್ ಎಳೆಯುತ್ತ ಎಳೆಯುತ್ತ ಎಲೆಕ್ಟ್ರಿಷಿಯನ್ ಆಗಿ, ೨೦೦೭ರ ಹೊತ್ತಿಗೆ ಲ್ಯಾಪ್‌ಟಾಪುಗಳ ನಾಡಿ ಹಿಡಿಯುವ ವೈದ್ಯನಾಗಿದ್ದ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಕುಂದಾಪುರದ ಲೋಕನಾಥನ ಹೋಟೆಲು. ಅದರ ಮಾಳಿಗೆಯಲ್ಲಿ ಲೋಕನಾಥನದೇ ಹಳೆ ಲ್ಯಾಪ್‌ಟಾಪಿನ ಅಂಗಡಿ. ಬಂದ ಯಂತ್ರಕ್ಕೆಲ್ಲ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಸಿ.ಡಿ. ಹಾಕಿ, ಪರದೆ, ಸದ್ದು, ಕೀಬೋರ್ಡು, ವೈರ್‌ಲೆಸ್ಸು ಒಂದೊಂದೂ ಅದಕ್ಕೆ ಒಗ್ಗುತ್ತದೋ ಇಲ್ಲವೋ ನೋಡುವುದು ಮಲಕಪ್ಪನ ಕೆಲಸ. ಫೇಲಾದ ಯಂತ್ರದ ಸುದ್ದಿಯನ್ನು ಹೆಂಡತಿ ಶರಣಮ್ಮನಿಗೆ ಹೇಳುವಾಗ ಅವನ ದನಿಯಲ್ಲಿ ಸಾವಿನ ಮನೆಯ ಗಾಂಭೀರ್ಯವಿರುತ್ತಿತ್ತು.

ಆದರೆ ಹೋದ ತಿಂಗಳು ಅವನು ಪಾಸು ಮಾಡಿದ್ದ ಯಂತ್ರವೊಂದು ಸದ್ದೇ ಹೊರಡದೆ ಮೂಕವಾಗಿ ವಾಪಸು ಬಂದಿತ್ತು. “ಇನ್ನೊಂದ್ಸಲ ಹೀಗಾದ್ರೆ ನೀನು ಕೆಳಗೆ ಗ್ರೈಂಡರ್ ರಿಪೇರಿಗೆ ಹೋಗು ಮಾರಾಯ,” ಎಂದಿದ್ದ ಲೋಕನಾಥ. ವೈದ್ಯನಿಗೆ ಗ್ರೈಂಡರು! ಮಲಕಪ್ಪ ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

ಈಗ ಪುಣೆ ಹತ್ತಿರದ ಭೋರ್ ಊರಿನಿಂದ ಇಂದೂಬಾಯಿ ಬರುವವರಿದ್ದರು. ಧಾರವಾಡದ ಹೆಣ್ಣುಮಗಳು, ಭೋರಿನ ಹಳೆ ವಾಡೆಯೊಂದರಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಮನೆ ಮಾಲೀಕ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡದ್ದರಿಂದ ಅಲ್ಲಿ ಕೇಬಲ್ ಎಳೆಯುವಂತಿರಲಿಲ್ಲ. ಲಿನಕ್ಸಿನಲ್ಲಿ ವೈರ್‌ಲೆಸ್ಸು ಹಿಡಿಯುವ ಯಂತ್ರವಷ್ಟೇ ಬೇಕು, ಎಷ್ಟಿದ್ದರೂ ಸರಿ.

ಮೇಜಿನ ಮೇಲೆ ಹತ್ತು ಯಂತ್ರ. ಎಲ್ಲದರ ಪರದೆಯೂ ಬೆಳಗಿದಾಗ ಕೆಳಗಿನಿಂದ ಲೋಕನಾಥನ ಫೋನು ಬಂತು. ಆ ತುದಿಯಲ್ಲಿ ತಟ್ಟೆಗಳ ಗಲಾಟೆ.

“ಮಲಕಪ್ಪ, ಎಂತಾಯ್ತು?”

“ಹತ್ತ್ಯಾವ್ರಿ ಮಾಲಕ್ರ!”

“ಭೇಷ್!” ಲೋಕನಾಥ ಫೋನಿಟ್ಟ.

ಆಮೇಲೆ ವೈರ್‌ಲೆಸ್ ಪರೀಕ್ಷೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯ ವೈರ್‌ಲೆಸ್ ಡಬ್ಬಿಯನ್ನು ಆರು ಯಂತ್ರಗಳು ಗುರುತಿಸಿದವು. ನಾಲ್ಕು, ಹರಕೆ ಹೊತ್ತರೂ ಗುರುತಿಸಲಿಲ್ಲ. ಸಿ.ಡಿ. ಬದಲಿಸಿದ, ಆರಿಸಿ ಮತ್ತೆ ಹಚ್ಚಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಲೋಕನಾಥನ ದನಿ: “ಬನ್ನಿ ಅಮ್ಮಾ, ಹತ್ತೂ ಪಾಸು. ನಮ್ಮ ಮಲಕಪ್ಪ ನೋಡಿದ್ದು ಅಂದ್ರೆ ಮುಗೀತು!”

ಮಲಕಪ್ಪ ಕೈಯಲ್ಲಿದ್ದ ಸಿ.ಡಿ. ಕೆಳಗಿಟ್ಟ. ಹೌದೆಂದರೆ ನಾಲ್ಕು ಭೋರಿನಿಂದ ವಾಪಸು. ಇಲ್ಲವೆಂದರೆ ಗಿರಾಕಿಯ ಮುಂದೆ ಮಾಲೀಕನ ಮಾತು ಮಣ್ಣುಪಾಲು. ಎರಡೂ ದಾರಿಯ ಕೊನೆಗೆ ಗ್ರೈಂಡರೇ.

“ಆರ ಅದಾವ್ರಿ,” ಎಂದ, ನೆಲ ನೋಡುತ್ತ. “ನಾಕಕ್ಕ ವೈರ್‌ಲೆಸ್ ಸಿಗವಲ್ದು.”

ಲೋಕನಾಥನ ಮುಖ ಕೆಂಪೇರಿತು. “ಫೋನಲ್ಲಿ ಹತ್ತು ಅಂದದ್ದು ಯಾರು ಹಾಗಾದ್ರೆ?”

“ಹತ್ತ್ಯಾವ ಅಂದೆನ್ರಿ. ಹತ್ತ ಅದಾವ ಅನ್ನಲಿಲ್ಲರಿ!”

ಇಂದೂಬಾಯಿ ಸೆರಗು ಬಾಯಿಗಿಟ್ಟು ನಕ್ಕರು. “ಅಣ್ಣಾರ, ನಮ್ಮ ಕಡೆ ದೀಪ ಹತ್ತತಾವ, ಒಲಿ ಹತ್ತತಾವ. ಚಾಲೂ ಆದ್ವು ಅಂದಾರ ಅವ್ರು, ಎಣಿಕಿ ಹೇಳಿಲ್ಲ.” ತಕ್ಷಣ ನಗು ನಿಂತಿತು. “ಆದ್ರ ಆ ಆರಾದ್ರೂ ಖರೇನ?”

ತಾವೇ ಒಂದನ್ನು ಎಳೆದುಕೊಂಡು ಸಿ.ಡಿ. ಹಾಕಿದರು. ಸಿ.ಡಿ. ಗುರ್ರೆಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಪರದೆ ಕಪ್ಪು. ಲೋಕನಾಥ ಪರದೆ ಬಿಟ್ಟು ಮಲಕಪ್ಪನನ್ನೇ ನೋಡುತ್ತಿದ್ದ. ಮಲಕಪ್ಪನಿಗೆ ತನ್ನ ವೈದ್ಯವಿದ್ಯೆಯೆಲ್ಲ ಮರೆತು ಮನೆದೇವರಷ್ಟೇ ನೆನಪಾಯಿತು. ಕೊನೆಗೆ ಪರದೆ ಬೆಳಗಿತು. ಮೂಲೆಯಲ್ಲಿ ಹೋಟೆಲಿನ ಹೆಸರು ಮೂಡಿತು.

“ಹಿಡೀತ್ರಿ,” ಎಂದರು ಇಂದೂಬಾಯಿ. ಉಳಿದ ಐದನ್ನು ಮುಟ್ಟಿಯೂ ನೋಡದೆ ಕಟ್ಟಲು ಹೇಳಿದರು. “ತಮ್ಮ ಮಾಲು ಒಗ್ಗೂದಿಲ್ಲ ಅಂತ ತಾವ ಮೊದ್ಲ ಹೇಳೋ ಅಂಗಡಿ ಇದೊಂದ ನೋಡ್ರಿ.”

ಆರನ್ನೂ ಹೊತ್ತು ಇಂದೂಬಾಯಿಯ ಜೀಪು ಹೋಯಿತು. ಮಲಕಪ್ಪ ಕೆಳಗಿಳಿಯಲು ಚಪ್ಪಲಿ ಹುಡುಕುತ್ತಿದ್ದ.

“ಎಲ್ಲಿಗೆ?” ಎಂದ ಲೋಕನಾಥ. “ಆ ನಾಲ್ಕಕ್ಕೆ ಎಂತ ಕಾಯಿಲೆ ನೋಡು ಮಾರಾಯ. ನಾಳೆಯಿಂದ ಫೋನ್ ಬೇಡ, ಚೀಟಿಯಲ್ಲಿ ಬರೆದು ಕಳಿಸು.”