ತವರುಮನೆ ಕೇಳಿದಿರೇನು?

೧೯೮೨ರಲ್ಲಿ ನಾನು ರಾಯಚೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಕೋಣೆ, ಒಂದು ಮೈಕ್ರೋಸ್ಕೋಪು, ಒಂದು ಸ್ಟಾಪ್‌ವಾಚು, ಮತ್ತೆ ಬೆಟ್ಟದಷ್ಟು ನನ್ನ ಜಂಬ. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಬಿಟಿ, ಸಿಟಿ ಮಾಡುತ್ತಿದ್ದೆ. ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲಲು ಹಿಡಿಯುವ ಸಮಯ ಬಿಟಿ. ತೆಗೆದ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಸಿಟಿ.

ಒಂದು ಸೋಮವಾರ ಮಾನ್ವಿ ತಾಲೂಕಿನ ಪೋತ್ನಾಳದಿಂದ ಶಾಂತಮ್ಮ ಎಂಬಾಕೆ ಏಳು ವರ್ಷದ ಮಗ ಈರಣ್ಣನನ್ನು ಕರೆತಂದಳು. ಮರುದಿನ ಬೆಳಿಗ್ಗೆ ಅವನಿಗೆ ಟಾನ್ಸಿಲ್ ಆಪರೇಷನ್. ಬಿಟಿ ಎರಡೂವರೆ ನಿಮಿಷ, ಸಿಟಿ ಆರು ನಿಮಿಷ ಬಂತು. ಎರಡೂ ಸರಿ. ವಂಶದ ಕಾಯಿಲೆಯ ಬಗ್ಗೆಯೂ ಕೇಳಬೇಕಿತ್ತು, ಕೇಳಿದೆ.

“ನಿಮ್ಮ ಮನ್ಯಾಗ ಯಾರಿಗರ ಗಾಯ ಆದ್ರ ರಕ್ತ ನಿಲ್ಲಂಗಿಲ್ಲೇನವ್ವಾ?”

“ನಮ್ಮ ಮನ್ಯಾಗ ಅಂಥಾದ್ದು ಯಾರಿಗೂ ಇಲ್ರಿ.”

‘ನಾರ್ಮಲ್’ ಎಂದು ಬರೆದು ಸಹಿ ಹಾಕಿದೆ.

ಸಂಜೆ ವಾರ್ಡಿನ ಆಯಾ ಮಹಬೂಬಿ ಬಂದು ಬಾಗಿಲಲ್ಲಿ ನಿಂತರು. “ಸಾಹೇಬ್ರ, ನೀವು ಮನಿ ಕೇಳೀರಿ, ತವರುಮನಿ ಕೇಳೀರೇನು? ಮದಿವಿ ಆದ ಹೆಣ್ಮಗಳಿಗೆ ನಮ್ಮ ಮನಿ ಅಂದ್ರ ಗಂಡನ ಮನೀನ ಅಲ್ರಿ? ಆಕಿ ತವರು ಜಾಲಹಳ್ಳಿಯಾಗ ಆಕಿ ತಮ್ಮ, ಹಲ್ಲು ಕೀಳಿಸಿದ ಮೂರನೇ ದಿನಕ್ಕ ರಕ್ತ ಹೋಗಿ ಸತ್ತಾನಂತ.”

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಸಾಮಾನ್ಯವಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುವ ರೋಗ. ಹುಡುಕಬೇಕಾದದ್ದು ತಾಯಿಯ ಅಣ್ಣತಮ್ಮಂದಿರಲ್ಲಿ. ನಾನು ವಿಚಾರಿಸಿದ್ದು ಗಂಡನ ಮನೆಯನ್ನು! ರೋಗ ಸೌಮ್ಯವಾಗಿದ್ದರೆ ಬಿಟಿ, ಸಿಟಿ ಎರಡನ್ನೂ ದಾಟಿ ಹೋಗಿಬಿಡುತ್ತದೆ. ಓದಿದ್ದೆ, ಮರೆತಿದ್ದೆ.

ಸರ್ಜನ್ನರ ಬಳಿ ಓಡಿ ಹುಡುಗನ ಸೋದರಮಾವ ಸತ್ತ ವಿಷಯ ಹೇಳಿದೆ.

“ನಾರ್ಮಲ್ ಅಂತ ನೀನ ಬರದೀಯಲ್ಲೋ?”

“ಬರದೀನ್ರಿ. ಆದ್ರ ಅದನ್ನ ನಂಬಬ್ಯಾಡ್ರಿ ಸರ್.”

ಅವರು ಬೈಯಲಿಲ್ಲ. ಆಪರೇಷನ್ ನಿಲ್ಲಿಸಿ, ಹುಡುಗನನ್ನು ಎಪಿಟಿಟಿ ಪರೀಕ್ಷೆಗೆ ಹೈದರಾಬಾದಿಗೆ ಕಳಿಸಿದರು. ಹೆಪ್ಪುಗಟ್ಟುವಿಕೆಯ ಕೊರತೆಯನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುವ ಆ ಪರೀಕ್ಷೆ ನಮ್ಮಲ್ಲಿರಲಿಲ್ಲ. ಆರೋಗ್ಯವಂತರ ರಕ್ತಕ್ಕೆ ಮೂವತ್ತೈದು ಸೆಕೆಂಡು ಹಿಡಿದರೆ ಈರಣ್ಣನದಕ್ಕೆ ಅರವತ್ತೆಂಟು. ಮುಂದಿನ ಪರೀಕ್ಷೆಯಲ್ಲಿ ಹಿಮೊಫಿಲಿಯಾ ಖಚಿತವಾಯಿತು. ಹುಡುಗ ಕತ್ತರಿಯಿಂದ ಪಾರಾದ. ಓದಿದವನು ನಾನು, ತಿಳಿದವರು ಮಹಬೂಬಿ. ಅವರ ಋಣ ನನ್ನ ಮೇಲೆ ಇಂದಿಗೂ ಇದೆ. ಅಂದಿನಿಂದ ತವರನ್ನು ಕೇಳದೆ ನಾನು ಸೂಜಿ ಮುಟ್ಟಲಿಲ್ಲ.

ವರದಿ ತಂದ ದಿನ ಶಾಂತಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆ ವರದಿಯನ್ನು ಕೈಗೆತ್ತಿಕೊಂಡಳು.

“ನನ್ನ ತಮ್ಮಗೂ ಇದು ಹುಟ್ಟಿನಿಂದ ಇತ್ತೇನ್ರಿ?”

“ಇದ್ದಿರಬೇಕವ್ವಾ.”

“ದೇವದುರ್ಗಕ್ಕ ಹಲ್ಲು ಕೀಳಸಾಕ ಅವನ್ನ ಕರಕೊಂಡು ಹೋದಾಕಿ ನಾನರಿ. ಹನ್ನೊಂದು ವರ್ಷ ಆತು, ನಮ್ಮವ್ವ ನನ್ನ ಸಂಗಾಟ ಮಾತಾಡಿಲ್ಲ. ಈ ಕಾಗದ ಆಕಿಗೆ ತೋರಿಸಲೇನ್ರಿ?”

“ತೋರಿಸವ್ವಾ. ನಿಂದೂ ತಪ್ಪಿಲ್ಲ, ಆಕಿದೂ ತಪ್ಪಿಲ್ಲಂತ ಹೇಳು.”

ವರದಿ ರೋಗಿಯೊಬ್ಬನದೇ ಅಲ್ಲ ಎಂಬುದನ್ನು ನನ್ನ ನೌಕರಿ ನನಗೆ ಅವತ್ತು ಕಲಿಸಿತು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿದ್ದ ಮಹಬೂಬಿ ಬಂದು ಹೇಳಿದರು: ಶಾಂತಮ್ಮ ಪೋತ್ನಾಳದ ಬಸ್ಸು ಬಿಟ್ಟು, ಮಗನ ಕೈ ಹಿಡಿದು ಜಾಲಹಳ್ಳಿಯ ಬಸ್ಸು ಹತ್ತಿದಳಂತೆ.