ಮೊಸಳೆಗೆ ಜಾಗ ತೋರಿಸಿದವನು

ನಾರ್ಮನ್‌ಟನ್ನಿನಿಂದ ಪಶ್ಚಿಮಕ್ಕೆ ಹೋಗುವ ಮಣ್ಣುರಸ್ತೆಯನ್ನು ಮರ್ವ್ ಡೂಲನ್ ಇಪ್ಪತ್ತಾರು ವರ್ಷ ಹೆರೆದು ಸಮ ಮಾಡಿದ. ನೆರೆ ಇಳಿದ ಕೂಡಲೇ ಗ್ರೇಡರ್ ಯಂತ್ರ ಹತ್ತಿ ಹೊರಟನೆಂದರೆ ಮುಂದಿನ ಮಳೆ ಬೀಳುವವರೆಗೂ ಆ ಕೆಂಪು ಧೂಳಿನಲ್ಲೇ ಅವನ ಊಟ, ನಿದ್ದೆ. ಯಾವ ಹಳ್ಳ ಎಷ್ಟು ಆಳ, ಯಾವ ಮಡುವಿನಲ್ಲಿ ಎಷ್ಟುದ್ದದ ಮೊಸಳೆ ಎಂಬುದೆಲ್ಲ ಬಾಯಿಪಾಠ. ನೀರಿನಂಚಿನಲ್ಲಿ ಪ್ರವಾಸಿಗರು ಕಂಡರೆ ಯಂತ್ರ ನಿಲ್ಲಿಸಿ ಗದರುತ್ತಿದ್ದ.

"ಐದು ಮಾರು ದೂರ ಇರಿ. ಒಂದೇ ಜಾಗದಲ್ಲಿ ಎರಡು ಸಲ ನೀರಿಗೆ ಇಳೀಬೇಡಿ. ಮೊಸಳೆಗೆ ನಿಮ್ಮ ಅಭ್ಯಾಸ ಗೊತ್ತಾಗಿಬಿಡುತ್ತೆ."

ಅವನಿಗೆ ಕಾರಲ್ ಎಂಬ ಅಕ್ಕ. ಮರ್ವ್‌ಗೆ ಏಳು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವನ ತಲೆಗೂದಲು ಕತ್ತರಿಸಿದ್ದು, ಅಂಗಿಗೆ ಗುಂಡಿ ಹೊಲಿದದ್ದು, ಶಾಲೆಗೆ ಚಕ್ಕರ್ ಹೊಡೆದಾಗ ಕಿವಿ ಹಿಂಡಿದ್ದು ಎಲ್ಲ ಹನ್ನೊಂದು ವರ್ಷದ ಈ ಅಕ್ಕನೇ. ಮುಂದೆ ಅವಳು ಟೌನ್ಸ್‌ವಿಲ್ಲಿನ ಕಟುಕ ನೆವಿಲ್‌ನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ತೊಂಬತ್ತಮೂರರ ಆಗಸ್ಟಿನಲ್ಲಿ ಗಂಡನನ್ನು ಕರೆದುಕೊಂಡು ತಮ್ಮನ ಮನೆಗೆ ಬಂದವಳು, "ನಿನ್ನ ರಸ್ತೆ ತೋರಿಸೋ, ಅದೇನು ಅಷ್ಟು ಚೆಂದ ನೋಡೋಣ" ಎಂದಳು.

ಮರ್ವ್, ಅವನ ಹೆಂಡತಿ ಗ್ಲೆಂಡಾ, ಹನ್ನೆರಡರ ಮಗಳು ಲೀಆನ್, ಕಾರಲ್, ನೆವಿಲ್ ಐವರೂ ಒಂದೇ ಗಾಡಿಯಲ್ಲಿ ಹೊರಟರು. ಆ ಕಾಲದಲ್ಲಿ ಬೆಂಕಿ ಹಚ್ಚುವ ಒಣಹುಲ್ಲು ದಾರಿಯ ಎರಡೂ ಬದಿ ಉರಿಯುತ್ತಿತ್ತು. ಹೊಗೆಯಿಂದ ಹಾರಿಬರುವ ಮಿಡತೆಗಳನ್ನು ಹದ್ದುಗಳು ಗಾಳಿಯಲ್ಲೇ ಹಿಡಿದು ನುಂಗುತ್ತಿದ್ದವು. ಹೊತ್ತು ಇಳಿಯುವಾಗ ವಾಲಬಿ ಎಂಬ ಸಣ್ಣ ಜಾತಿಯ ಕಾಂಗರೂ ಒಂದು ಗಾಡಿಗೆ ಅಡ್ಡ ನೆಗೆದು ಸತ್ತಿತು. ಮರ್ವ್ ಇಳಿದು ಅದರ ಹೊಟ್ಟೆಚೀಲದೊಳಗೆ ಕೈಹಾಕಿ ನೋಡಿದ. ಹೆಬ್ಬೆರಳಿನಷ್ಟೇ ಇದ್ದ ಕೂದಲಿಲ್ಲದ ಮರಿ ಮೊಲೆಗೆ ಕಚ್ಚಿಕೊಂಡಿತ್ತು. ಬದುಕುವಂಥದ್ದಲ್ಲ.

"ಈ ಕಡೆ ನೋಡ್ಬೇಡ, ಬಾ," ಎಂದು ಕಾರಲ್ ಲೀಆನ್‌ಳ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಳು. ಮರ್ವ್ ಗಾಡಿಯ ಹಿಂದೆ ಹೋಗಿ ಮರಿಯ ಕಷ್ಟ ಮುಗಿಸಿ ಬಂದ.

ಹೊಳೆಯ ಎತ್ತರದ ದಂಡೆಯ ಮೇಲೆ ಡೇರೆ ಹಾಕಿದರು. ಮೊದಲ ಬೆಳಿಗ್ಗೆ ಮರ್ವ್ ಚಪ್ಪಟೆ ಬಂಡೆಯ ಬಳಿ ಇಳಿದು ಬಕೆಟ್ ತುಂಬಿ ತಂದ. ಎರಡನೆಯ ಬೆಳಿಗ್ಗೆ ಬೇರೆ ಕಡೆ ಇಳಿಯಬೇಕಿತ್ತು. ಅಲ್ಲೆಲ್ಲ ಕಡಿದಾಗಿದೆ ಎಂದು ಸೋಮಾರಿತನದಿಂದ ಅದೇ ಬಂಡೆಗೆ ಹೋದ. ಸಂಜೆ ನೆವಿಲ್ ದೊಡ್ಡ ಬರಾಮಂಡಿ ಮೀನು ಹಿಡಿದು, ಆ ಬಂಡೆಯ ಮೇಲೇ ಕೊಯ್ದು, ಕರುಳನ್ನು ನೀರಿಗೆಸೆದ. ಮರ್ವ್ ನೋಡಿದ. ಆ ವಾಸನೆಗೆ ಮೊಸಳೆ ಬರುತ್ತದೆ, ಬೇಡ ಎನ್ನಬೇಕಿತ್ತು. ಅಷ್ಟರಲ್ಲಿ ಇಬ್ಬರೂ ಬಿಯರ್ ಕುಡಿದು ಖುಷಿಯಲ್ಲಿದ್ದರು.

ಮೂರನೆಯ ಬೆಳಿಗ್ಗೆ ಅವನ ತಲೆ ಸಿಡಿಯುತ್ತಿತ್ತು.

"ಟೀಗೆ ನೀರಿಲ್ಲ. ಏಳ್ತೀಯೋ, ಬೆನ್ನಿಗೆರಡು ಬಿಡ್ಲೋ?" ಕಾರಲ್ ಡೇರೆಯೊಳಗೆ ಇಣುಕಿದಳು.

"ನೀನೇ ತಂದ್ಬಿಡು ಅಕ್ಕಾ. ಬಂಡೆ ಹತ್ರ ಇಳಿಯೋಕೆ ಸಲೀಸಾಗಿದೆ."

"ಊರಿಗೆಲ್ಲ ಬುದ್ಧಿ ಹೇಳೋ ದೊಡ್ಡ ಮನುಷ್ಯ!" ಎಂದು ನಗುತ್ತಾ ಹೋದಳು.

ಬಕೆಟ್ ಬಂಡೆಗೆ ಬಡಿದ ಸದ್ದೊಂದೇ ಕೇಳಿಸಿತು, ಕೂಗು ಇಲ್ಲ. ಮರ್ವ್ ಓಡಿ ಬಂದಾಗ ಕೆಸರು ಕಲಕಿದ ನೀರು ದಡದಿಂದ ದಡಕ್ಕೆ ತುಯ್ಯುತ್ತಿತ್ತು. ಅವನು ಸೊಂಟದವರೆಗೂ ಇಳಿದುಬಿಟ್ಟ. ನೆವಿಲ್ ಅವನ ಅಂಗಿ ಹಿಡಿದು ಹಿಂದಕ್ಕೆಳೆದ. ದಡದ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಗ್ಲೆಂಡಾ ಮಗಳನ್ನು ಗಾಡಿಗೆ ಹತ್ತಿಸಿಕೊಂಡು, ಅರವತ್ತು ಕಿಲೋಮೀಟರ್ ಆಚೆಯ ದನದ ಫಾರ್ಮಿನಿಂದ ವೈರ್‌ಲೆಸ್ಸಿನಲ್ಲಿ ಪೊಲೀಸರಿಗೆ ತಿಳಿಸಿದಳು. ಎರಡು ದಿನದ ಮೇಲೆ ಅರಣ್ಯದವರು ಮೊಸಳೆಯನ್ನು ಗುಂಡಿಟ್ಟು ಕೊಂದರು. ಹೂಳಲು ಸಿಕ್ಕಿದ್ದು ಸ್ವಲ್ಪವೇ.

ವಿಚಾರಣೆಯಲ್ಲಿ ಅಧಿಕಾರಿ, ಮೃತಳು ಎಚ್ಚರಿಕೆ ಮೀರಿ ನೀರಿಗೆ ಹೋಗಿದ್ದಳೆಂದು ಬರೆಸುತ್ತಿದ್ದ. ಮರ್ವ್ ಎದ್ದು ನಿಂತ.

"ಅವಳೇನೂ ಮೀರಲಿಲ್ಲ ಸಾರ್. ನಾನು ಹೋಗು ಅಂದೆ, ಹೋದ್ಲು. ಎರಡು ದಿನ ಅದೇ ಜಾಗಕ್ಕಿಳಿದು ಮೊಸಳೆಗೆ ತೋರಿಸ್ಕೊಟ್ಟೋನು ನಾನು. ಅದನ್ನ ಬರ್ಕೊಳ್ಳಿ."

ಹೊರಗೆ ಬಂದ ಮೇಲೆ ನೆವಿಲ್ ಕೇಳಿದ: "ಮೀನಿನ ವಿಷ್ಯ ಯಾಕೆ ಎತ್ತಲಿಲ್ಲ?"

"ನಿಂಗೆ ಗೊತ್ತಿರಲಿಲ್ಲ ಮಾರಾಯಾ. ನಂಗೆ ಗೊತ್ತಿತ್ತು."

ನೆವಿಲ್ ಕಾರು ಹತ್ತಿದ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರ್ವ್ ಮತ್ತೆ ಕೆಲಸಕ್ಕೆ ಹೋದ. ಆ ಹೊಳೆಯ ಕಡೆಯ ರಸ್ತೆಯನ್ನು ಬೇರೆಯವರಿಗೆ ವಹಿಸುತ್ತೇವೆಂದರೂ ಕೇಳಲಿಲ್ಲ. ಪ್ರವಾಸಿಗರನ್ನು ಈಗ ಗದರುತ್ತಿರಲಿಲ್ಲ. ಟೋಪಿ ತೆಗೆದು, ಅಕ್ಕನ ಹೆಸರು ಹೇಳಿ, ನಡೆದದ್ದನ್ನು ಹೇಳುತ್ತಿದ್ದ. ಕೆಲವರು ಡೇರೆ ಕಿತ್ತು ಮೇಲಕ್ಕೆ ಹೋಗುತ್ತಿದ್ದರು. ಕೆಲವರು, ಎಷ್ಟುದ್ದ ಇತ್ತು ಮೊಸಳೆ ಎಂದು ಕೇಳುತ್ತಿದ್ದರು. ಅಂಥವರಿಗೂ ಅಳತೆ ಹೇಳಿ ಯಂತ್ರ ಹತ್ತುತ್ತಿದ್ದ. ಮನೆಯಲ್ಲಿ ಮಾತ್ರ ಆ ಮಾತು ಎತ್ತುವಂತಿರಲಿಲ್ಲ. ಲೀಆನ್ ಹದಿನೇಳಕ್ಕೇ ದಕ್ಷಿಣದ ಊರಿಗೆ ಹೊರಟುಹೋದಳು.

ಹನ್ನೊಂದು ವರ್ಷದ ಮೇಲೆ, ಫೆಬ್ರವರಿಯ ನೆರೆಯಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಮರ್ವ್ ತೀರಿಕೊಂಡ. ರಸ್ತೆಗಳೆಲ್ಲ ಮುಳುಗಿದ್ದರಿಂದ ಮಗಳಿಗೂ ಬರಲಾಗಲಿಲ್ಲ. ಊರಿನ ಹತ್ತು ಹನ್ನೆರಡು ಜನ ಮಳೆಯಲ್ಲೇ ಮಣ್ಣು ಮಾಡಿದರು. ಸಂಜೆ ನೆವಿಲ್ ಗ್ಲೆಂಡಾಳಿಗೆ ಫೋನ್ ಮಾಡಿದ.

"ಬಹಳ ನರಳಿದ್ನಾ?" ಎಂದು ಕೇಳಿದ.

"ಹೌದು," ಎಂದಳು ಗ್ಲೆಂಡಾ.